ಒಂದೇ ಕೋಣೆಯ ಮನೆ: ಜಾಗವೂ ಉಳಿಯಬೇಕು, ಬೆಳಕೂ ಬರಬೇಕು

ಬೆಂಗಳೂರಿನಲ್ಲಿ 30×40 ಸೈಟಿನ ಮೇಲೆ ಎದ್ದ ಎಷ್ಟೋ ಕಟ್ಟಡಗಳಲ್ಲಿ ಇಂಥ ಮನೆಗಳಿವೆ. ಕೆಲವರು 1 ಆರ್‌ಕೆ ಎನ್ನುತ್ತಾರೆ, ಕೆಲವರು ಸ್ಟುಡಿಯೊ ಎನ್ನುತ್ತಾರೆ. ಬಾಗಿಲು ತೆರೆದರೆ ಒಂದು ಬದಿಗೆ ಶೌಚಾಲಯ, ಇನ್ನೊಂದು ಬದಿಗೆ ಅಡುಗೆ ಕಟ್ಟೆ, ಮುಂದೆ ಒಂದು ಕೋಣೆ, ಅದರ ತುದಿಗೆ ಒಂದೇ ಒಂದು ಕಿಟಕಿ. ಆ ಕಿಟಕಿಯಾಚೆ ಮೂರ್ನಾಲ್ಕು ಅಡಿಗೆ ಪಕ್ಕದ ಕಟ್ಟಡದ ಗೋಡೆ.

ಇಂಥ ಮನೆಗೆ ಬಡಗಿಯನ್ನು ಕರೆಸಿದರೆ ಅವರು ಮೊದಲು ಕೇಳುವುದು ವಾರ್ಡ್‌ರೋಬ್ ಎಲ್ಲಿ, ಮಂಚ ಎಲ್ಲಿ ಅಂತ. ಅಲ್ಲೇ ಲೆಕ್ಕ ತಪ್ಪುತ್ತದೆ. ಒಂದೇ ಕಿಟಕಿಯ ಮನೆಯಲ್ಲಿ ಮೊದಲು ನಿರ್ಧರಿಸಬೇಕಾದದ್ದು ಏನನ್ನು ಎಲ್ಲಿ ಇಡಬಾರದು ಎಂಬುದನ್ನು. ಕಿಟಕಿಯಿಂದ ಒಳಕ್ಕೆ 5 ಅಡಿಯವರೆಗೆ ಸೊಂಟಕ್ಕಿಂತ ಎತ್ತರದ ಯಾವುದೂ ಬೇಡ, ಗಾಢ ಬಣ್ಣದ ಯಾವುದೂ ಬೇಡ. ಈ ಮಾರ್ಗದರ್ಶಿಯ ಉಳಿದೆಲ್ಲ ಅಳತೆಗಳೂ ಈ 5 ಅಡಿಯನ್ನು ಕಾಪಾಡಲು ಹೊರಟವು.

ಲೆಕ್ಕಕ್ಕೆ ಒಂದು ಮನೆಯನ್ನು ಹಿಡಿಯೋಣ. ಗೋಡೆಯಿಂದ ಗೋಡೆಗೆ 11 ಅಡಿ ಅಗಲ, 22 ಅಡಿ ಉದ್ದ. ಬಾಗಿಲ ಬಳಿ 4×7 ಅಡಿಯ ಶೌಚಾಲಯ. ಅದರ ಗೋಡೆಯ ದಪ್ಪವನ್ನೂ ಕಳೆದರೆ ಅಡುಗೆ ಮತ್ತು ಓಡಾಟಕ್ಕೆ 6 ಅಡಿ 8 ಇಂಚು ಅಗಲದ ಪಟ್ಟಿ ಸಿಗುತ್ತದೆ, ಮುಖ್ಯ ಕೋಣೆಗೆ 11 ಅಡಿ × 14 ಅಡಿ 8 ಇಂಚು, ಅಂದರೆ ಸುಮಾರು 161 ಚದರ ಅಡಿ. ತಾರಸಿ, ಅಂದರೆ ಕೋಣೆಯ ಒಳಗಿನ ಮೇಲ್ಛಾವಣಿ, 9.5 ಅಡಿ ಎತ್ತರದಲ್ಲಿದೆ. ತುದಿಯ ಗೋಡೆಯಲ್ಲಿ 5 ಅಡಿ ಅಗಲ, 4.5 ಅಡಿ ಎತ್ತರದ ಕಿಟಕಿ ಇದೆ, ಅದರ ಕೆಳಅಂಚು ನೆಲದಿಂದ 2.5 ಅಡಿಗೆ, ಲಿಂಟಲ್ (ಕಿಟಕಿಯ ಮೇಲಂಚಿನ ತೊಲೆ) 7 ಅಡಿಗೆ. ನಿಮ್ಮ ಮನೆಯ ಅಳತೆ ಬೇರೆ ಇದ್ದರೂ ಲೆಕ್ಕ ಹಾಕುವ ಕ್ರಮ ಇದೇ.

ಅಳತೆ ಮತ್ತು ಬೆಳಕಿನ ಗೆರೆ

ಪ್ರತಿ ಗೋಡೆಯನ್ನೂ ಮೂರು ಎತ್ತರದಲ್ಲಿ ಅಳೆಯಿರಿ: ನೆಲದ ಪಟ್ಟಿಯ ಮೇಲೆ, 3 ಅಡಿಗೆ, 7 ಅಡಿಗೆ. ಗಾರೆ ಎಷ್ಟೇ ನಯವಾಗಿ ಕಂಡರೂ ಮೂರೂ ಕಡೆ ಒಂದೇ ಅಳತೆ ಸಿಗುವುದು ಅಪರೂಪ, ಅರ್ಧದಿಂದ ಒಂದು ಇಂಚು ಆಚೀಚೆ ಇದ್ದೇ ಇರುತ್ತದೆ. ಪೆಟ್ಟಿಗೆ ಕೂರಿಸುವಾಗ ಲೆಕ್ಕಕ್ಕೆ ಬರುವುದು ಮೂರರಲ್ಲಿ ಅತಿ ಚಿಕ್ಕ ಅಳತೆ. ಸ್ವಿಚ್ ಬೋರ್ಡು, ತೊಲೆಯ ಇಳಿತ, ನೀರಿನ ಪೈಪು, ಬಾಗಿಲು ತೆರೆದಾಗ ತಿರುಗುವ ಜಾಗ, ಕಿಟಕಿಯ ಬಾಗಿಲು ಒಳಕ್ಕೋ ಹೊರಕ್ಕೋ ಎಂಬುದು, ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಚೌಕುಳಿ ಹಾಳೆಯ ಮೇಲೆ 1 ಅಡಿಗೆ 1 ಸೆಂಟಿಮೀಟರ್ ಇಟ್ಟುಕೊಂಡರೆ ಈ ಮನೆ ಪೂರ್ತಿ ಒಂದು ಪುಟದಲ್ಲಿ ಹಿಡಿಯುತ್ತದೆ.

ಬೆಳಕನ್ನು ಅಳೆಯಲು ಉಪಕರಣ ಬೇಕಿಲ್ಲ, ಒಂದು ದಿನಪತ್ರಿಕೆ ಸಾಕು. ಬೆಳಿಗ್ಗೆ 8, 11, ಮಧ್ಯಾಹ್ನ 2, ಸಂಜೆ 5ಕ್ಕೆ ಎಲ್ಲ ದೀಪ ಆರಿಸಿ, ಕಿಟಕಿಗೆ ಬೆನ್ನು ಕೊಟ್ಟು ಓದುತ್ತ ಒಳಕ್ಕೆ ನಡೆಯಿರಿ. ಸಣ್ಣ ಅಕ್ಷರ ಓದಲು ಕಣ್ಣು ಕಿರಿದು ಮಾಡಬೇಕಾದ ಜಾಗದಲ್ಲಿ ನೆಲಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು ಗಂಟೆ ಬರೆಯಿರಿ. ಕಿಟಕಿಯ ಎದುರು ಏನೂ ಅಡ್ಡ ಇಲ್ಲದಿದ್ದರೆ ಬಳಸಬಹುದಾದ ಹಗಲು ಬೆಳಕು ಲಿಂಟಲ್ ಎತ್ತರದ ಎರಡರಿಂದ ಎರಡೂವರೆ ಪಟ್ಟು ದೂರ ಬರುತ್ತದೆ. 7 ಅಡಿಯ ಲಿಂಟಲ್‌ಗೆ ಅದು 14ರಿಂದ 17 ಅಡಿ. ಎದುರಿಗೆ ಗೋಡೆ ಇದ್ದರೆ ಗೆರೆ ಎಂಟು, ಒಂಬತ್ತು ಅಡಿಗೇ ನಿಂತುಬಿಡಬಹುದು. ಎಲ್ಲ ಕೆಲಸ ಮುಗಿದ ಮೇಲೆ ಇದೇ ಪರೀಕ್ಷೆ ಮತ್ತೆ ಮಾಡಿ, ಗೆರೆ ಎಷ್ಟು ಒಳಗೆ ಸರಿದಿದೆ ನೋಡಿ.

ಕಿಟಕಿ ಯಾವ ದಿಕ್ಕಿಗಿದೆ ಎಂಬುದೂ ಮುಖ್ಯ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಹಾಗಾಗಿ ಉತ್ತರದ ಕಿಟಕಿಗೆ ಬಿಸಿಲೇ ಬೀಳುವುದಿಲ್ಲ ಎಂಬ ಮಾತು ಇಲ್ಲಿಗೆ ಪೂರ್ತಿ ಹೊಂದದು. ದಕ್ಷಿಣದ ಕಿಟಕಿಗೆ ಚಳಿಗಾಲದ ಬಿಸಿಲು ಒಳಬರುತ್ತದೆ. ಡಿಸೆಂಬರ್‌ನ ನಡುಹಗಲಲ್ಲಿ 2 ಅಡಿಯ ಸಜ್ಜಾ ತನ್ನ ಕೆಳಗೆ ಸುಮಾರು 2.7 ಅಡಿವರೆಗೆ ಮಾತ್ರ ನೆರಳು ಕೊಡುತ್ತದೆ, ಉಳಿದ ಗಾಜಿನಿಂದ ಬಿಸಿಲು ನೆಲಕ್ಕೆ ಬೀಳುತ್ತದೆ. ಆ ಬಿಸಿಲು ಹಿತವಾದದ್ದು, ತಡೆಯಬೇಡಿ. ತೊಂದರೆ ಕೊಡುವುದು ಪಶ್ಚಿಮದ ಕಿಟಕಿ. ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನ 2ರ ನಂತರದ ಬಿಸಿಲಿಗೆ ಒಳಗಡೆ ಪರದೆ ಎಳೆದು ಪ್ರಯೋಜನವಿಲ್ಲ. ಗಾಜು ದಾಟಿದ ಶಾಖ ಆಗಲೇ ಮನೆಯೊಳಗೆ ಬಂದಾಗಿದೆ. ಬಿದಿರಿನ ತೆರೆಯನ್ನು ಕಿಟಕಿಯ ಹೊರಗಡೆ, ಸಜ್ಜಾದಿಂದ ಇಳಿಬಿಡಿ, ಸಂಜೆ ಸುತ್ತಿ ಮೇಲೆ ಕಟ್ಟಿ.

ಕಿಟಕಿಯನ್ನು ಬಿಡಿಸಿಕೊಳ್ಳುವುದು

ಹೊಸ ಫರ್ನಿಚರ್‌ಗೆ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಕಿಟಕಿಯ ಮೇಲೆ ಬಿದ್ದಿರುವ ಹೊರೆ ಇಳಿಸಿ. ವಾಸದ ಕೋಣೆಯ ನೆಲದ ಎಂಟರಲ್ಲೊಂದು ಭಾಗದಷ್ಟಾದರೂ ಕಿಟಕಿ ಬೇಕು ಎಂಬ ಲೆಕ್ಕ ಇಟ್ಟುಕೊಂಡರೆ ನಮ್ಮ ಕೋಣೆಗೆ 20 ಚದರ ಅಡಿ ಬೇಕು, ಇರುವುದು 22.5. ಕಾಗದದ ಮೇಲೆ ಸರಿಯಾಗಿದೆ. ಆದರೆ ಎರಡು ಗಾಜು, ಒಂದು ಸೊಳ್ಳೆ ಜಾಲರಿ ಇರುವ ಸ್ಲೈಡಿಂಗ್ ಕಿಟಕಿ ಗಾಳಿಗೆ ತೆರೆಯುವುದು ಅರ್ಧ ಮಾತ್ರ, ಸುಮಾರು 11 ಚದರ ಅಡಿ. ಕಿಟಕಿ ಬದಲಿಸುವ ಅವಕಾಶ ಇದ್ದರೆ ಕೀಲಿನ ಮೇಲೆ ಹೊರಕ್ಕೆ ತೆರೆಯುವ ಬಾಗಿಲೇ ಹಾಕಿಸಿ, ಇಡೀ ತೆರಪು ಸಿಗುತ್ತದೆ. ಹೊರಗೆ ಗ್ರಿಲ್ ಇದ್ದರೆ ಬಾಗಿಲು ಅದಕ್ಕೆ ತಗಲದಂತೆ ಮೊದಲೇ ಅಳೆಯಬೇಕು.

ಕಂದು ಬಣ್ಣದ ಅಥವಾ ಕನ್ನಡಿಯಂತೆ ಹೊಳೆಯುವ ಗಾಜಿದ್ದರೆ ತೆಗೆಸಿ ತಿಳಿ ಗಾಜು ಹಾಕಿಸಿ. ಖಾಸಗಿತನ ಬೇಕಾದರೆ ಕೆಳಗಿನ 2 ಅಡಿಗೆ ಮಾತ್ರ ಮಬ್ಬು ಸ್ಟಿಕ್ಕರ್ ಅಂಟಿಸಿ. ಕೋಣೆಯ ಒಳತುದಿಗೆ ಬೆಳಕು ಮುಟ್ಟಿಸುವುದು ಗಾಜಿನ ಮೇಲಿನ ಭಾಗ, ಅದನ್ನು ಮುಚ್ಚಬೇಡಿ. ಗ್ರಿಲ್ ಕಪ್ಪಗಿದ್ದರೆ ಬಿಳಿ ಎನಾಮೆಲ್ ಹೊಡೆಸಿ. ಧೂಳು ಹಿಡಿದ ಸೊಳ್ಳೆ ಜಾಲರಿ ಬೆಳಕು, ಗಾಳಿ ಎರಡನ್ನೂ ನುಂಗುತ್ತದೆ. ತೆಗೆದು ತೊಳೆಯುವಂಥದ್ದನ್ನೇ ಆರಿಸಿ, ತಿಂಗಳಿಗೊಮ್ಮೆ ನೀರು ಕಾಣಿಸಿ.

ಪರದೆಯ ಸರಳಿನ ವಿಷಯದಲ್ಲಿ ಹೆಚ್ಚಿನ ಮನೆಗಳಲ್ಲಿ ಒಂದೇ ತಪ್ಪು. 5 ಅಡಿ ಕಿಟಕಿಗೆ 5 ಅಡಿ ಸರಳು ಹಾಕುತ್ತಾರೆ. ಪರದೆ ಸರಿಸಿದಾಗ ಅದು ಎರಡೂ ಬದಿಗೆ ತಲಾ 10 ಇಂಚು ಗಾಜಿನ ಮೇಲೆಯೇ ಗುಂಪಾಗಿ ನಿಲ್ಲುತ್ತದೆ. 60 ಇಂಚಿನಲ್ಲಿ 20 ಇಂಚು, ಅಂದರೆ ಮೂರರಲ್ಲೊಂದು ಭಾಗ ಬೆಳಕು ಹಗಲೆಲ್ಲ ಹೋಯಿತು. ಸರಳು ಎರಡೂ ಬದಿಗೆ ಒಂದೊಂದು ಅಡಿ ಹೆಚ್ಚಿರಲಿ, ಒಟ್ಟು 7 ಅಡಿ, ಲಿಂಟಲ್‌ನಿಂದ ಅರ್ಧ ಅಡಿ ಮೇಲೆ. ಪರದೆ ಗೋಡೆಯ ಮೇಲೆ ನಿಲ್ಲುತ್ತದೆ, ಗಾಜು ಪೂರ್ತಿ ಬಿಡುವಾಗುತ್ತದೆ.

ಇನ್ನು ಪಕ್ಕದ ಕಟ್ಟಡದ ಗೋಡೆ. ಗಾರೆ ಕಾಣದ ಸಿಮೆಂಟ್ ಬ್ಲಾಕಿನ ಗೋಡೆಯಾಗಿದ್ದರೆ ಆಕಾಶದಿಂದ ಇಳಿದ ಬೆಳಕಿನ ಬಹುಪಾಲನ್ನು ಅದೇ ಹೀರಿಬಿಡುತ್ತದೆ. ಆ ಮನೆಯವರನ್ನು ಕೇಳಿ, ಒಪ್ಪಿಗೆ ಪಡೆದು, ನಿಮ್ಮ ಖರ್ಚಿನಲ್ಲೇ ನಿಮ್ಮ ಕಿಟಕಿಯ ಎದುರು ಸುಮಾರು 10×10 ಅಡಿ ಭಾಗಕ್ಕೆ ಬಿಳಿ ಎಕ್ಸ್‌ಟೀರಿಯರ್ ಎಮಲ್ಷನ್ ಹೊಡೆಸಿ: ಒಂದು ಕೋಟ್ ಪ್ರೈಮರ್, ಎರಡು ಕೋಟ್ ಬಣ್ಣ. ನಾಲ್ಕೈದು ಲೀಟರ್ ಬಣ್ಣದ ಕೆಲಸ. ಕಿಟಕಿಯ ಲಿಂಟಲ್‌ಗಿಂತ ಮೇಲಿನ ಭಾಗಕ್ಕೂ ಹೊಡೆಸಬೇಕು, ಮೇಲಿನ ಗೋಡೆಯೇ ಹೆಚ್ಚು ಬೆಳಕು ಹಿಡಿದು ಒಳಕ್ಕೆ ತಳ್ಳುವುದು. ಈ ಇಡೀ ಮಾರ್ಗದರ್ಶಿಯಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಷ್ಟು ಬೆಳಕು ಕೊಡುವ ಇನ್ನೊಂದು ಕೆಲಸವಿಲ್ಲ. ನೆರೆಯವರ ಹತ್ತಿರ ಹೇಗೆ ಕೇಳುವುದು ಎಂಬ ಸಂಕೋಚಕ್ಕೆ ಇದನ್ನು ಬಿಡಬೇಡಿ.

ಮೇಲಿನ ಮಹಡಿಯ ಶೀಟು ಹೊದಿಸಿದ ಕೋಣೆಯಾದರೆ ಇನ್ನೂ ಒಂದು ದಾರಿ ಇದೆ. ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಲ್ಲಿ ಕತ್ತಲ ಅಡುಗೆಮನೆಗೆ ಒಂದೆರಡು ಗಾಜಿನ ಹೆಂಚು ಹಾಕಿ ಬೆಳಕಿಂಡಿ ಮಾಡುತ್ತಿದ್ದರಲ್ಲ, ಅದೇ ಉಪಾಯ. ಶೀಟಿನ ಅದೇ ಅಲೆಯ ಅಳತೆಯ ಪಾರದರ್ಶಕ ಶೀಟು ಸಿಗುತ್ತದೆ. ಕಿಟಕಿಯಿಂದ ದೂರದ ತುದಿಯಲ್ಲಿ ಒಂದೇ ಹಾಕಿ, ಎರಡಾದರೆ ಏಪ್ರಿಲ್‌ನಲ್ಲಿ ಕೂರಲಾಗದು.

ಬಣ್ಣ, ನೆಲ, ಕನ್ನಡಿ

ಕಿಟಕಿಯಿಂದ ನೇರ ಬರುವ ಬೆಳಕು ಒಳಕ್ಕೆ ಹೋದಂತೆ ಬೇಗ ಸೊರಗುತ್ತದೆ. ಅಡುಗೆ ಕಟ್ಟೆಯವರೆಗೆ ತಲುಪುವುದು ತಾರಸಿ ಮತ್ತು ಪಕ್ಕದ ಗೋಡೆಗಳಿಗೆ ತಾಗಿ ಪುಟಿದ ಬೆಳಕು ಮಾತ್ರ. ಅದಕ್ಕೇ ತಾರಸಿಗೆ ಅಪ್ಪಟ ಬಿಳಿ, ಹೊಳಪಿಲ್ಲದ ಮ್ಯಾಟ್. ಗೋಡೆಗೆ ಬಿಳಿಗೆ ಹತ್ತಿರದ ಬಣ್ಣ. ಕೆಲವು ಕಂಪನಿಗಳು ಪ್ರತಿ ಬಣ್ಣಕ್ಕೂ ಎಲ್‌ಆರ್‌ವಿ ಎಂಬ ಅಂಕಿ ಕೊಡುತ್ತವೆ. ಅದು 80ಕ್ಕಿಂತ ಹೆಚ್ಚಿದ್ದರೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಮರಳುತ್ತದೆ ಎಂದರ್ಥ. ಒಂದು ಗೋಡೆಗೆ ಗಾಢ ಬಣ್ಣ ಬೇಕೇ ಬೇಕು ಎನಿಸಿದರೆ ಬಾಗಿಲ ಬಳಿಯ ಗೋಡೆಗೆ ಹೊಡೆಸಿ. ಕಿಟಕಿ ಇರುವ ಗೋಡೆಗಂತೂ ಖಂಡಿತ ಬೇಡ. ಹೊಳೆವ ಗಾಜಿನ ಸುತ್ತ ಕಪ್ಪು ಗೋಡೆ ಇದ್ದರೆ ಕಣ್ಣಿಗೆ ಕೋರೈಸುತ್ತದೆ, ಉಳಿದ ಕೋಣೆ ಇರುವುದಕ್ಕಿಂತ ಹೆಚ್ಚು ಕತ್ತಲಾಗಿ ಕಾಣುತ್ತದೆ. ಕಿಟಕಿಯ ಚೌಕಟ್ಟಿನೊಳಗಿನ ಗೋಡೆಯ ದಪ್ಪಕ್ಕೂ ಬಿಳಿಯೇ.

ನೆಲ ಬದಲಿಸುವುದಾದರೆ ತಿಳಿ ಬೂದು ಅಥವಾ ದಂತದ ಬಣ್ಣದ 2×2 ಅಡಿ ಟೈಲ್, ಸಂದಿಗೆ ಅದೇ ಬಣ್ಣದ ಗ್ರೌಟ್. ಅಡುಗೆ ಕಟ್ಟೆಗೆ ಕರಿ ಗ್ರಾನೈಟ್ ಹಾಕುವುದು ನಮ್ಮಲ್ಲಿ ರೂಢಿ. ಅರಿಶಿನ, ಹುಣಸೆಗೆ ಅದು ಗಟ್ಟಿ, ಒಪ್ಪಬೇಕು. ಅದನ್ನು ಉಳಿಸಿಕೊಂಡರೆ ಕಟ್ಟೆಯ ಹಿಂದಿನ ಗೋಡೆಗೆ ಬಿಳಿ ಟೈಲ್ ಹಾಕಿ ಸರಿದೂಗಿಸಿ.

ಕನ್ನಡಿಯನ್ನು ಕಿಟಕಿಯ ಎದುರಿಗೇ ಇಡಬೇಕು ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಇಂಥ ಉದ್ದನೆಯ ಕೋಣೆಗೆ ಅದು ಸರಿಬಾರದು. 20 ಅಡಿ ದೂರದ ಕನ್ನಡಿಗೆ ಹಿಂದಿರುಗಿಸಲು ಬೆಳಕೇ ಉಳಿದಿರುವುದಿಲ್ಲ, ತೋರಿಸುವುದೂ ಪಕ್ಕದ ಮನೆಯ ಗೋಡೆಯನ್ನೇ. ಕಿಟಕಿಗೆ ಮೂಲೆಯಾಗಿ ಬರುವ ಪಕ್ಕದ ಗೋಡೆಯಲ್ಲಿ, ಕಿಟಕಿಯಿಂದ 1 ಅಡಿ ಬಿಟ್ಟು, 3 ಅಡಿ ಅಗಲ 5 ಅಡಿ ಎತ್ತರದ ಕನ್ನಡಿ ಹಾಕಿ. ಅಲ್ಲಿ ಬೆಳಕು ಇನ್ನೂ ಹುರುಪಾಗಿರುತ್ತದೆ, ಓರೆಯಾಗಿ ತಾಗಿ ಒಳಕ್ಕೆ ಹೋಗುತ್ತದೆ. 5 ಎಂಎಂ ಕನ್ನಡಿಯನ್ನು 12 ಎಂಎಂ ಪ್ಲೈವುಡ್ ಹಿಂಬದಿಗೆ ಅಂಟಿಸುವಾಗ ನ್ಯೂಟ್ರಲ್ ಸಿಲಿಕೋನ್ ಬಳಸಿ. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಕನ್ನಡಿಯ ಬೆಳ್ಳಿ ಪದರವನ್ನು ತಿಂದು, ಕೆಲವು ತಿಂಗಳಲ್ಲಿ ಕಪ್ಪು ಮಚ್ಚೆ ಬರಿಸುತ್ತದೆ.

ಎಲ್ಲ ಹೊರೆ ಒಂದೇ ಗೋಡೆಗೆ

11 ಅಡಿ ಅಗಲದ ಕೋಣೆಯಲ್ಲಿ ಎರಡೂ ಬದಿಗೆ 2 ಅಡಿ ಆಳದ ಕಪಾಟು ಹಾಕಿದರೆ ಉಳಿಯುವುದು 7 ಅಡಿ, ಅದು ರೈಲು ಬೋಗಿ. ಆಳದ ವಸ್ತುವೆಲ್ಲ ಒಂದೇ ಉದ್ದ ಗೋಡೆಗೆ ಸಾಲಾಗಿ ಬರಲಿ, ಎದುರು ಗೋಡೆಗೆ 1 ಅಡಿಗಿಂತ ಆಳದ್ದು ಏನೂ ಬೇಡ. ಕಿಟಕಿಯಿಂದ ಬಾಗಿಲಿನ ಕಡೆಗೆ ನಮ್ಮ 22 ಅಡಿ ಹೀಗೆ ಹಂಚಿಕೆಯಾಗುತ್ತದೆ:

- ಮೊದಲ 5 ಅಡಿ ಖಾಲಿ, ಇಲ್ಲವೇ 16 ಇಂಚು ಎತ್ತರದ ಪೆಟ್ಟಿಗೆ ಬೆಂಚು
- ಗೋಡೆಗೆ ಮಡಚುವ ಮಂಚ, 5 ಅಡಿ 4 ಇಂಚು
- ವಾರ್ಡ್‌ರೋಬ್, 4 ಅಡಿ
- ಫ್ರಿಜ್, 2 ಅಡಿ
- ಅಡುಗೆ ಕಟ್ಟೆ, 5 ಅಡಿ 8 ಇಂಚು

ನಡೆದಾಡುವ ದಾರಿ ಎಲ್ಲೂ 2.5 ಅಡಿಗಿಂತ ಕಿರಿದಾಗಬಾರದು, ಮುಖ್ಯ ದಾರಿ 3 ಅಡಿ. ಬಡಗಿಗೆ ಒಪ್ಪಿಗೆ ಕೊಡುವ ಮೊದಲು ಈ ಅಳತೆಗಳನ್ನು ನೆಲದ ಮೇಲೆ ಪೇಪರ್ ಟೇಪಿನಲ್ಲಿ ಅಂಟಿಸಿ, ಎರಡು ದಿನ ಆ ಗೆರೆ ತುಳಿಯದೆ ಓಡಾಡಿ ನೋಡಿ. ಗೆರೆ ತುಳಿಯುವ ಜಾಗವೇ ಮುಂದೆ ಮೊಣಕಾಲು ತಗಲುವ ಜಾಗ.

ಮಂಚ

ಕ್ವೀನ್ ಅಳತೆಯ ಹಾಸಿಗೆ 60×78 ಇಂಚು. ಒಂದು ಕಡೆ ಖಾಯಂ ಹಾಕಿದರೆ 32.5 ಚದರ ಅಡಿ, ಕೋಣೆಯ ಐದರಲ್ಲೊಂದು ಭಾಗ. ಅದನ್ನೇ ಗೋಡೆಗೆ ಮಡಚಿದರೆ 16 ಇಂಚು ಆಳದ ಪೆಟ್ಟಿಗೆ ಹಿಡಿಯುವುದು ಸುಮಾರು 7 ಚದರ ಅಡಿ. ತೆರೆದಾಗ ಗೋಡೆಯಿಂದ 7 ಅಡಿ ಮುಂದೆ ಬರುತ್ತದೆ, ಎದುರಿಗೆ 4 ಅಡಿ ಉಳಿಯುತ್ತದೆ. ಎದುರು ಗೋಡೆಯಲ್ಲಿ 1 ಅಡಿಯ ಶೆಲ್ಫ್ ಇದ್ದರೂ 3 ಅಡಿ ದಾರಿ.

ಆದರೆ ಇದು ಗೋಡೆಯ ಬಲದ ಮೇಲೆ ನಿಂತ ಮಂಚ. ಇಂದಿನ ಕಟ್ಟಡಗಳಲ್ಲಿ ಎಷ್ಟೋ ಒಳಗೋಡೆಗಳು 4 ಇಂಚಿನವು, ಕೆಲವು ಟೊಳ್ಳು ಬ್ಲಾಕಿನವು. ಮಂಚದ ಹಿಂದೆ ಬರುವ ಜಾಗದಲ್ಲಿ 6 ಎಂಎಂ ಬಿಟ್ಟಿನಿಂದ ಒಂದು ರಂಧ್ರ ಕೊರೆದು ನೋಡಿ. ಕೊನೆಯವರೆಗೆ ಒಂದೇ ಸಮನೆ ತಡೆ ಕೊಟ್ಟರೆ ಗಟ್ಟಿ ಬ್ಲಾಕು. ಒಂದು, ಒಂದೂವರೆ ಇಂಚಿಗೆ ಡ್ರಿಲ್ ತಟ್ಟನೆ ಒಳಕ್ಕೆ ಜಾರಿದರೆ ಟೊಳ್ಳು, ಅಲ್ಲಿ ಸಾಮಾನ್ಯ ಆ್ಯಂಕರ್ ಬೋಲ್ಟ್ ಹಿಡಿಯುವುದಿಲ್ಲ, ಕೆಲವು ತಿಂಗಳಲ್ಲಿ ಸಡಿಲವಾಗಿ ಗಾರೆ ಸಮೇತ ಕಿತ್ತು ಬರುತ್ತದೆ. ಟೊಳ್ಳು ಗೋಡೆಯಾದರೆ ನೆಲದಿಂದ ತಾರಸಿಯವರೆಗೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಮೇಲೆ ಕೆಳಗೆ ಕಾಂಕ್ರೀಟಿಗೇ ಬೋಲ್ಟ್ ಮಾಡಿ ಮಂಚವನ್ನು ಅದಕ್ಕೆ ಕೂರಿಸಬೇಕು. ಗಟ್ಟಿ ಗೋಡೆಗೆ 10 ಎಂಎಂ ಆ್ಯಂಕರ್, ಕನಿಷ್ಠ ಆರು ಕಡೆ.

ಎರಡನೆಯ ತಪ್ಪು ಮಂಚ ಎತ್ತಲು ನೆರವಾಗುವ ಹೈಡ್ರಾಲಿಕ್ ಪಂಪಿನದು. ಅದರ ಮೇಲೆ ನ್ಯೂಟನ್ ಲೆಕ್ಕದಲ್ಲಿ ಬಲ ಬರೆದಿರುತ್ತದೆ, ಅದು ಹಲಗೆ ಮತ್ತು ಹಾಸಿಗೆಯ ಒಟ್ಟು ತೂಕಕ್ಕೆ ಹೊಂದಬೇಕು. ಹಾಗಾಗಿ ಹಾಸಿಗೆಯನ್ನು ಮೊದಲು ಕೊಳ್ಳಿ, ತೂಕ ಹೇಳಿ ಪಂಪ್ ತರಿಸಿ. ತೆಂಗಿನ ನಾರಿನ ಹಾಸಿಗೆ ಭಾರ, ಫೋಮ್ ಹಗುರ, ಯಾವುದಾದರೂ 6 ಇಂಚಿಗಿಂತ ದಪ್ಪ ಬೇಡ. ಹಾಸಿಗೆ ಹಾಕಿಯೇ ಪರೀಕ್ಷಿಸಿ: ಅರ್ಧಕ್ಕೆ ಎತ್ತಿ ಕೈ ಸಡಿಲಿಸಿದರೆ ಮಂಚ ಅಲ್ಲೇ ನಿಲ್ಲಬೇಕು. ಧಡ್ಡನೆ ಬಿದ್ದರೆ ಪಂಪ್ ದುರ್ಬಲ, ತಾನೇ ಮೇಲೆ ಚಿಮ್ಮಿದರೆ ಬಲ ಹೆಚ್ಚು, ಎರಡೂ ಅಪಾಯ.

ದಿನಾ ಎತ್ತಿ ಇಳಿಸಲಾಗದು ಎನ್ನುವವರು, ಸೊಂಟ ನೋವಿರುವವರು ಇದರ ಗೊಡವೆಗೆ ಹೋಗದಿರುವುದೇ ಒಳ್ಳೆಯದು. ಒಬ್ಬರೇ ಇದ್ದರೆ 3×6.5 ಅಡಿಯ ದಿವಾನ ಗೋಡೆಗೆ ಉದ್ದಕ್ಕೆ ಹಾಕಿ, ಅದರಡಿಯಿಂದ ಎಳೆಯುವ ಇನ್ನೊಂದು ಮಂಚ ಇಡಿ, ಊರಿನಿಂದ ಯಾರಾದರೂ ಬಂದಾಗ ಆಗುತ್ತದೆ. ಇಬ್ಬರಿದ್ದು ಮಡಚುವುದು ಬೇಡವಾದರೆ ಒಳಗೆ ಸಾಮಾನಿಡುವ, ಎತ್ತಿ ತೆರೆಯುವ ಮಂಚ.

ಅಟ್ಟ ಕಟ್ಟಿ ಅದರ ಮೇಲೆ ಮಲಗುವ ಯೋಜನೆ ಚಿತ್ರಗಳಲ್ಲಿ ಚೆನ್ನಾಗಿ ಕಾಣುತ್ತದೆ. 9.5 ಅಡಿ ತಾರಸಿಗೆ ಲೆಕ್ಕ ಹಾಕಿ: ಕೆಳಗೆ ನಿಲ್ಲಲು 6.5 ಅಡಿ, ಅಟ್ಟದ ದಪ್ಪ ಅರ್ಧ ಅಡಿ, ಹಾಸಿಗೆ ಅರ್ಧ ಅಡಿ. ಮೇಲೆ ಉಳಿದದ್ದು 2 ಅಡಿ. ಎದ್ದು ಕೂರಲು 3 ಅಡಿ ಬೇಕು, ಫ್ಯಾನ್ ಬೇರೆ ಅದೇ ಎತ್ತರದಲ್ಲಿ ತಿರುಗುತ್ತಿರುತ್ತದೆ. ಈ ಎತ್ತರದ ಮನೆಗೆ ಅದು ಬೇಡವೇ ಬೇಡ.

ವಾರ್ಡ್‌ರೋಬ್: ಹಾಳೆಯ ಅಳತೆಗೆ ಮಾಡಿಸಿ

ಪ್ಲೈವುಡ್ ಹಾಳೆ ಬರುವುದು 8×4 ಅಡಿ. 4 ಅಡಿ ಅಗಲ, 7 ಅಡಿ ಎತ್ತರ, 2 ಅಡಿ ಆಳದ ವಾರ್ಡ್‌ರೋಬ್ ಈ ಹಾಳೆಗೆ ಹೇಳಿ ಮಾಡಿಸಿದಂತೆ. 18 ಎಂಎಂನ ಮೊದಲ ಹಾಳೆಯಲ್ಲಿ ಎರಡು ಬದಿ ಹಲಗೆ, ಎರಡನೆಯದರಲ್ಲಿ ನಡುವಿನ ಹಲಗೆ ಮತ್ತು 2×2 ಅಡಿಯ ನಾಲ್ಕು ಅಡ್ಡಹಲಗೆ, ಮೂರನೆಯದರಲ್ಲಿ ಮೇಲಿನದು, ಕೆಳಗಿನದು ಮತ್ತು ಇನ್ನೂ ನಾಲ್ಕು ಅಡ್ಡಹಲಗೆ, ನಾಲ್ಕನೆಯದರಲ್ಲಿ ಎರಡು ಬಾಗಿಲು. ಹಿಂಬದಿಗೆ 6 ಎಂಎಂನ ಒಂದು ಹಾಳೆ. ಗರಗಸ ತಿನ್ನುವ ಮೂರ್ನಾಲ್ಕು ಎಂಎಂ ಕಳೆಯಲಿ ಎಂದು ಹೊರ ಅಗಲ 47.5 ಇಂಚು, ಪೆಟ್ಟಿಗೆಯ ಆಳ 23 ಇಂಚು ಇಟ್ಟುಕೊಳ್ಳಿ. ಅಗಲವನ್ನು 4.5 ಅಡಿ ಮಾಡಿದರೆ ಹಿಂಬದಿಗೂ ಬಾಗಿಲಿಗೂ ಒಂದೊಂದು ಹಾಳೆ ಹೆಚ್ಚು ಬೇಕಾಗುತ್ತದೆ, ಸಿಗುವುದು ಆರು ಇಂಚು.

ಬಾಗಿಲಿಗೆ ಹೊರಗೆ 1 ಎಂಎಂ ಮೈಕಾ ಅಂಟಿಸಿ ಒಳಗೆ ಬರೀ ವಾರ್ನಿಷ್ ಬಳಿಯುವ ಉಳಿತಾಯಕ್ಕೆ ಒಪ್ಪಬೇಡಿ. ಒಂದು ಮೈ ಗಾಳಿಯ ತೇವ ಹೀರುತ್ತದೆ, ಇನ್ನೊಂದು ಹೀರುವುದಿಲ್ಲ, 7 ಅಡಿಯ ಬಾಗಿಲು ಮೊದಲ ಮಳೆಗಾಲದಲ್ಲೇ ಬಿಲ್ಲಿನಂತೆ ಬಾಗುತ್ತದೆ. ಒಳಗೂ 0.8 ಎಂಎಂ ಮೈಕಾ ಬೇಕು. ಕೀಲು ಪ್ರತಿ ಬಾಗಿಲಿಗೆ ನಾಲ್ಕು. ಬಣ್ಣ ತಿಳಿಯಾಗಿರಲಿ, ಮಿರುಗುವ ಕಪ್ಪು ಮೈಕಾ ಇಡೀ ಗೋಡೆಯ ಬೆಳಕನ್ನು ಕೊಂದುಬಿಡುತ್ತದೆ.

ಒಳಗಡೆ ಒಂದು ಬದಿಗೆ ಅಂಗಿ ನೇತುಹಾಕಲು 40 ಇಂಚು ಎತ್ತರ ಸಾಕು, ಉದ್ದ ಕುರ್ತಾಗೆ 54 ಇಂಚು. ಮಡಚಿಡುವ ಬಟ್ಟೆಗೆ ಅಡ್ಡಹಲಗೆಗಳ ನಡುವೆ 12 ಇಂಚಿಗಿಂತ ಹೆಚ್ಚು ಬೇಡ, ಹೆಚ್ಚಾದರೆ ರಾಶಿ ಕುಸಿಯುತ್ತದೆ. 7 ಅಡಿಯಿಂದ ತಾರಸಿವರೆಗಿನ 2.5 ಅಡಿಗೆ ಬಾಗಿಲಿರುವ ಅಟ್ಟ: ಸೂಟ್‌ಕೇಸ್, ಕಂಬಳಿ, ಹಬ್ಬದ ಪಾತ್ರೆ.

ಬಡಗಿಯ ಜೊತೆ ಚದರ ಅಡಿಗೆ ಇಂತಿಷ್ಟು ಎಂದು ಮಾತಾಗುವಾಗ ಅದು ಮುಂಭಾಗದ ಲೆಕ್ಕವೋ, ಒಳಗಿನ ಹಲಗೆಗಳನ್ನೂ ಸೇರಿಸಿದ ಲೆಕ್ಕವೋ ಎಂದು ಬರೆಸಿಕೊಳ್ಳಿ. ಈ ವಾರ್ಡ್‌ರೋಬಿನ ಮುಂಭಾಗ 28 ಚದರ ಅಡಿ. ಒಳಗಿನದೆಲ್ಲ ಸೇರಿದರೆ ಅದರ ನಾಲ್ಕು ಪಟ್ಟು ದಾಟುತ್ತದೆ, ಜಗಳ ಬರುವುದು ಇಲ್ಲಿಯೇ.

ಅಡುಗೆ ಕಟ್ಟೆ

5 ಅಡಿ 8 ಇಂಚಿನಲ್ಲಿ ಫ್ರಿಜ್ ಕಡೆಯಿಂದ ಸಿಂಕ್ 18 ಇಂಚು, ಹೆಚ್ಚುವ ಜಾಗ 26, ಒಲೆ 24. ಒಲೆ ಹೊರಗೋಡೆಯ ಕಡೆ ಬಂದರೆ ಹೊಗೆ ಹೊರಹಾಕುವ ದಾರಿ ಗಿಡ್ಡವಾಗುತ್ತದೆ. ಒಂದೇ ಕೋಣೆಯ ಮನೆಯಲ್ಲಿ ಒಗ್ಗರಣೆಯ ಘಾಟು ಹಾಸಿಗೆಗೂ ಬಟ್ಟೆಗೂ ಹತ್ತುತ್ತದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪೈಪಿಲ್ಲದ ಚಿಮಣಿ ಗಾಳಿಯನ್ನು ಇದ್ದಿಲಿನ ಫಿಲ್ಟರಿನಲ್ಲಿ ಸೋಸಿ ಮನೆಯೊಳಗೇ ಬಿಡುತ್ತದೆ. 6 ಇಂಚಿನ ಪೈಪ್ ಹೊರಗೆ ಹೋಗುವ ಚಿಮಣಿಯೇ ಆಗಬೇಕು, ಇಲ್ಲವಾದರೆ ಒಲೆಯ ಮೇಲ್ಭಾಗಕ್ಕೆ 9 ಇಂಚಿನ ಎಕ್ಸಾಸ್ಟ್ ಫ್ಯಾನ್. ಅಡುಗೆಯ ಹೊತ್ತಿಗೆ ದೂರದ ಕಿಟಕಿ ಸ್ವಲ್ಪ ತೆರೆದಿರಲಿ. ಗಾಳಿ ಆ ತುದಿಯಿಂದ ಈ ತುದಿಗೆ ಹರಿದು ಘಾಟನ್ನು ಹೊತ್ತೊಯ್ಯುತ್ತದೆ. ಎಲ್ಲ ಮುಚ್ಚಿ ಫ್ಯಾನ್ ಹಾಕಿದರೆ ಅದಕ್ಕೆ ಎಳೆಯಲು ಗಾಳಿಯೇ ಇರದು.

ಕಟ್ಟೆಯ ಎತ್ತರಕ್ಕೆ ಅಡುಗೆ ಮಾಡುವವರ ಮೊಣಕೈ ಅಳೆಯಿರಿ, ಅದಕ್ಕಿಂತ 4 ಇಂಚು ಕೆಳಗೆ. ಹೆಚ್ಚಿನವರಿಗೆ 32ರಿಂದ 34 ಇಂಚು ಬರುತ್ತದೆ. ಕಟ್ಟೆಯಿಂದ ಮೇಲಿನ ಕಪಾಟಿಗೆ 22 ಇಂಚು, ಆ ಕಪಾಟಿನ ಆಳ 12 ಇಂಚು. ಸಿಂಕಿನ ಕೆಳಗಿನ ಪೆಟ್ಟಿಗೆಗೆ ಐಎಸ್ 710 ಮುದ್ರೆಯ, ನೀರು ತಾಳುವ ಪ್ಲೈವುಡ್ ಬಿಟ್ಟು ಬೇರೆ ಬೇಡ. ಪಾರ್ಟಿಕಲ್ ಬೋರ್ಡ್ ಒಮ್ಮೆ ನೀರು ಕುಡಿದರೆ ಉಬ್ಬಿ ಪುಡಿಯಾಗುತ್ತದೆ. ಸಿಂಕನ್ನು ಬೇರೆಡೆಗೆ ಸರಿಸುವ ಆಸೆ ಇದ್ದರೆ ಮೊದಲು ಪೈಪಿನ ಇಳಿಜಾರು ನೋಡಿ: 40ಕ್ಕೆ 1ರಂತೆ 10 ಅಡಿಗೆ 3 ಇಂಚು ಇಳಿಯಬೇಕು, ನೆಲದಲ್ಲಿ ಅಷ್ಟು ಆಳ ಸಿಗದಿದ್ದರೆ ಇದ್ದಲ್ಲೇ ಬಿಡಿ.

14.2 ಕೆ.ಜಿ. ಸಿಲಿಂಡರ್ ಹೆಚ್ಚುವ ಜಾಗದ ಕೆಳಗೆ ನೆಟ್ಟಗೆ ನಿಲ್ಲಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಳದಲ್ಲಿ ಕೂರುತ್ತದೆ. ಆದ್ದರಿಂದ ಆ ಕಪಾಟಿನ ಬಾಗಿಲಿನ ತಳಭಾಗದಲ್ಲೇ ಗಾಳಿಕಿಂಡಿ ಬೇಕು, ಮೇಲ್ಭಾಗದಲ್ಲಿ ಮಾತ್ರ ಇದ್ದರೆ ಪ್ರಯೋಜನವಿಲ್ಲ. ರಬ್ಬರ್ ಕೊಳವೆ ಒಂದೂವರೆ ಮೀಟರಿಗಿಂತ ಉದ್ದ ಬೇಡ, 5 ವರ್ಷಕ್ಕೆ ಬದಲಿಸಿ. ಅದೇ ಕಪಾಟಿನೊಳಗೆ ಪ್ಲಗ್ ಪಾಯಿಂಟ್ ಇಡಿಸಬೇಡಿ.

ದೇವರ ಗೂಡು ಎದುರು ಗೋಡೆಗೆ, 1 ಅಡಿ ಆಳಕ್ಕೆ. ದೀಪದ ಮೇಲೆ 2 ಅಡಿ ತೆರಪು ಬೇಕು, ಹಿಂಬದಿಗೆ ಟೈಲ್ ಅಥವಾ ಕಲ್ಲು. ಮೈಕಾ ಕಾಡಿಗೆ ಹಿಡಿದು ಬಿಡುವುದಿಲ್ಲ. ಪರದೆ ಗಾಳಿಗೆ ಹಾರಿ ಬರುವ ಜಾಗದಿಂದ ದೂರ ಇರಲಿ.

ದೀಪಗಳು

ಇಡೀ ಮನೆಯ ನಡುಮಧ್ಯೆ ಒಂದೇ ಟ್ಯೂಬ್‌ಲೈಟ್ ಇದ್ದರೆ ಮೂಲೆಗಳೆಲ್ಲ ಕತ್ತಲು, ಕತ್ತಲ ಮೂಲೆ ಕೋಣೆಯನ್ನು ಕಿರಿದು ಮಾಡುತ್ತದೆ. 242 ಚದರ ಅಡಿಯಲ್ಲಿ ಅಡುಗೆ ಕಟ್ಟೆ ಮತ್ತು ಶೌಚಾಲಯ ಕಳೆದು ಸುಮಾರು 200 ಚದರ ಅಡಿಗೆ 150 ಲಕ್ಸ್ (ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬೇಕಾದರೆ, ಗೋಡೆಗಳು ನುಂಗುವುದನ್ನೂ ಸೇರಿಸಿ 4,600 ಲ್ಯೂಮೆನ್ (ದೀಪ ಕೊಡುವ ಬೆಳಕಿನ ಅಳತೆ) ಆಗುತ್ತದೆ. ಎಲ್‌ಇಡಿಯಲ್ಲಿ 45ರಿಂದ 50 ವಾಟ್. ಇದನ್ನು ನಾಲ್ಕೈದು ದೀಪಗಳಿಗೆ ಹಂಚಿ, ಎರಡನ್ನು ತಾರಸಿಗೆ ಮುಖ ಮಾಡಿ. ಅಂಗಡಿಯಲ್ಲಿ ಕೇಳದೆ ತಂದರೆ 6500 ಕೆಲ್ವಿನ್‌ನ ನೀಲಿ ಬಿಳುಪೇ ಕೈಗೆ ಬರುವ ಸಂಭವ ಹೆಚ್ಚು. ಮಲಗುವ ಕಡೆ 3000, ಅಡುಗೆಗೆ, ಓದಿಗೆ 4000 ಕೇಳಿ ತನ್ನಿ. ಅಡುಗೆ ಕಟ್ಟೆಗೆ ಮೇಲಿನ ಕಪಾಟಿನ ಕೆಳಗೆ, ಮುಂದಿನ ಅಂಚಿಗೆ ಎಲ್‌ಇಡಿ ಪಟ್ಟಿ. ಬೆನ್ನ ಹಿಂದಿನ ದೀಪದಲ್ಲಿ ಹೆಚ್ಚುವಾಗ ನಿಮ್ಮದೇ ನೆರಳು ಈರುಳ್ಳಿಯ ಮೇಲೆ ಬೀಳುತ್ತದೆ. ಫಾಲ್ಸ್ ಸೀಲಿಂಗ್ ಬೇಡ, ಎತ್ತರದಲ್ಲಿ ಅರ್ಧ ಅಡಿ ಕಳೆದುಕೊಳ್ಳುವಷ್ಟು ಲಾಭ ಅದರಲ್ಲಿಲ್ಲ.

ಕೆಲಸದ ಸರದಿ

ಮೊದಲು ತೇವ. ಶೌಚಾಲಯದ ಗೋಡೆ ಮತ್ತು ಮಳೆ ಹೊಡೆಯುವ ಹೊರಗೋಡೆ ಒದ್ದೆಯಿದ್ದರೆ ಸರಿಪಡಿಸದೆ ಮುಂದೆ ಹೋಗಬೇಡಿ. ಗೋಡೆಗೆ ಒಂದು ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಒಳಮೈಯಲ್ಲಿ ಹನಿ ಕಂಡರೆ ತೇವ ಗೋಡೆಯಿಂದಲೇ ಬರುತ್ತಿದೆ. ಅಂಥ ಗೋಡೆಗೆ ವಾರ್ಡ್‌ರೋಬ್ ಒರಗಿಸಿದರೆ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಒಣಗಿದ ಗೋಡೆಗೂ 1 ಇಂಚು ಸಂದಿ ಬಿಡುವುದು ಒಳ್ಳೆಯದು.

ನಂತರ ನೀರು, ವಿದ್ಯುತ್ ಪಾಯಿಂಟುಗಳು. ಗೀಸರ್, ಇಂಡಕ್ಷನ್, ವಾಷಿಂಗ್ ಮಷೀನಿಗೆ 16 ಆಂಪ್ ಪಾಯಿಂಟ್, ಮುಖ್ಯ ಬೋರ್ಡಿಗೆ 30 ಮಿಲಿಆಂಪ್ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್. ಗೋಡೆ ಮುಚ್ಚುವ ಮೊದಲು ಪೈಪು, ವೈರು ಹೋದ ದಾರಿಯ ಫೋಟೊ ಟೇಪಿನ ಅಳತೆ ಸಮೇತ ತೆಗೆದಿಡಿ, ಮಂಚಕ್ಕೆ ರಂಧ್ರ ಕೊರೆಯುವ ದಿನ ಬೇಕಾಗುತ್ತದೆ. ಆಮೇಲೆ ಕಿಟಕಿ, ಟೈಲ್, ಪುಟ್ಟಿ, ಪ್ರೈಮರ್, ಮೊದಲ ಕೋಟ್ ಬಣ್ಣ. ಮರಗೆಲಸ ಅದರ ನಂತರ, ಕೊನೆಯ ಕೋಟ್ ಮರಗೆಲಸದ ನಂತರ. ಪ್ಲೈವುಡ್ ಕೆಲಸವನ್ನು ಆದಷ್ಟು ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಮುಗಿಸಿ.

ಬಾಡಿಗೆ ಮನೆಯಾದರೆ ಇದರಲ್ಲಿ ಅರ್ಧವನ್ನು ಗೋಡೆ ಮುಟ್ಟದೆ ಮಾಡಬಹುದು. ಕಿಟಕಿ ತೊಳೆಯುವುದು, ಉದ್ದ ಸರಳು, ಗ್ರಿಲ್ಲಿಗೂ ಎದುರು ಗೋಡೆಗೂ ಬಿಳಿ ಬಣ್ಣ, ನೆಲಕ್ಕೆ ನಿಲ್ಲಿಸುವ ಕನ್ನಡಿ, ದಿವಾನ, ಮಡಚುವ ಮೇಜು, ಬಲ್ಬ್ ಬದಲಾವಣೆ. ಮಾಲೀಕರ ಕಪಾಟು ಕಿಟಕಿಯ ಪಕ್ಕದಲ್ಲೇ ಇದ್ದು ಸರಿಸಲಾಗದಿದ್ದರೆ, ಒಪ್ಪಿಗೆ ಪಡೆದು ಅದರ ಕಿಟಕಿ ಕಡೆಯ ಬದಿಗೆ ಬಿಳಿ ಸ್ಟಿಕ್ಕರ್ ಹಾಳೆ ಅಂಟಿಸಿ. ಮನೆ ಬಿಡುವಾಗ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಎಳೆದರೆ ಗುರುತಿಲ್ಲದೆ ಬರುತ್ತದೆ.